ರೇಸನ್ನು ಒಬ್ಬರ ಕೈಗೆ ಬರೆದುಕೊಡುವ ಮುಂಚೆ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಕೆಲವು ಗೆಳೆಯರು ಸೇರಿ ಮೋಟಾರ್ ಕ್ಲಬ್ ಮಾಡಿಕೊಂಡಿದ್ದೇವೆ. ಕೊಯ್ಲು ಮುಗಿದ ಗದ್ದೆಯಲ್ಲಿ ಪ್ರತಿ ವರ್ಷ ಡರ್ಟ್ ಟ್ರ್ಯಾಕ್ ರೇಸ್ ನಡೆಸುತ್ತೇವೆ. ಜನ ಚೆನ್ನಾಗಿ ಸೇರುತ್ತಾರೆ, ಆದರೆ ನಮ್ಮ ಕೈಯಿಂದಲೇ ದುಡ್ಡು ಹೋಗುತ್ತದೆ. ಈಗ ಬೆಂಗಳೂರಿನ ಒಬ್ಬ ಪ್ರೊಮೋಟರ್ ಬಂದಿದ್ದಾರೆ. ರೇಸಿನ ಹೆಸರು, ವಿಡಿಯೊ, ಸ್ಪಾನ್ಸರ್ ಎಲ್ಲವನ್ನೂ 15 ವರ್ಷಕ್ಕೆ ಬರೆದುಕೊಟ್ಟರೆ ಖರ್ಚೆಲ್ಲ ತಮ್ಮದು ಅಂತಾರೆ. ಫಾರ್ಮುಲಾ ಒನ್ ಬೆಳೆಸಿದ್ದೂ ಬರ್ನಿ ಎಕ್ಲೆಸ್ಟೋನ್ ಎಂಬ ಒಬ್ಬನೇ ಮನುಷ್ಯ, ಕಮಿಟಿ ಕಟ್ಟಿಕೊಂಡು ಯಾರೂ ಏನೂ ಸಾಧಿಸಿಲ್ಲ ಅನ್ನೋದು ಅವರ ಮಾತು. ಕ್ಲಬ್ಬಿನಲ್ಲಿ ಅರ್ಧ ಜನ ಒಪ್ಪಿದ್ದಾರೆ. ನೀವೇನು ಹೇಳುತ್ತೀರಿ?

ಉತ್ತರ: ಪ್ರೊಮೋಟರ್ ಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಂಬುಲೆನ್ಸ್, ವಿಮೆ, ಬೇಲಿ, ಟೈಮಿಂಗ್ ಯಂತ್ರ ಇವಕ್ಕೆಲ್ಲ ಗೆಳೆಯರ ಜೇಬಿನ ದುಡ್ಡು ಎಷ್ಟು ವರ್ಷ ಸಾಕಾಗುತ್ತದೆ? ಆದರೆ 15 ವರ್ಷ ಬೇಡ. ಹೆಸರನ್ನಂತೂ ಕೊಡಲೇಬೇಡಿ. ಬರ್ನಿ ಎಕ್ಲೆಸ್ಟೋನ್ ಉದಾಹರಣೆಯನ್ನು ಅವರೇ ಎತ್ತಿದ್ದು ಒಳ್ಳೆಯದಾಯಿತು. ಅವರು ಹೇಳಿದ್ದು ಅರ್ಧ ಕಥೆ. ಉಳಿದರ್ಧ ನಾನು ಹೇಳುತ್ತೇನೆ.

ಬರ್ನಿ ಲಂಡನ್ನಿನಲ್ಲಿ ಹಳೇ ಬೈಕು, ಕಾರುಗಳ ವ್ಯಾಪಾರ ಮಾಡಿ ಬೆಳೆದವರು. 1970ರ ದಶಕದ ಶುರುವಿನಲ್ಲಿ ಬ್ರಾಭಮ್ ತಂಡವನ್ನು ಕೊಂಡುಕೊಂಡು ಫಾರ್ಮುಲಾ ಒನ್ ಒಳಗೆ ಬಂದರು. ಆಗಿನ ತಂಡಗಳ ಯಜಮಾನರು ಹೆಚ್ಚಿನವರು ಎಂಜಿನಿಯರುಗಳು, ಇಲ್ಲಾ ಹಳೇ ಚಾಲಕರು. ಅವರ ತಲೆ ತುಂಬ ಗೇರ್‌ಬಾಕ್ಸು, ಸಸ್ಪೆನ್ಷನ್ನು. ಸರ್ಕ್ಯೂಟ್ ಮಾಲೀಕರ ಜೊತೆ ಒಬ್ಬೊಬ್ಬರೇ ಕೂತು ಚೌಕಾಸಿ ಮಾಡಿ, ಸಿಕ್ಕಷ್ಟು ದುಡ್ಡಿಗೆ ಕಾರು ತೆಗೆದುಕೊಂಡು ಹೋಗುತ್ತಿದ್ದರು. ಎಷ್ಟು ಕಾರು ಬರುತ್ತವೆ ಅಂತ ಸರ್ಕ್ಯೂಟಿಗೂ ಗ್ಯಾರಂಟಿ ಇರುತ್ತಿರಲಿಲ್ಲ. ಬರ್ನಿ ಈ ಎರಡೂ ಕಡೆಯ ಕಷ್ಟವನ್ನು ನೋಡಿದರು. ತಂಡಗಳ ಪರವಾಗಿ ನಾನೊಬ್ಬನೇ ಮಾತಾಡುತ್ತೇನೆ, ಎಲ್ಲ ಕಾರೂ ಬರುತ್ತವೆ, ಒಂದೇ ರೇಟು ಅಂದರು. 1974ರಲ್ಲಿ ಫೋಕಾ ಎಂಬ ತಂಡಗಳ ಸಂಘ ಹುಟ್ಟಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬರೇ ಮೂಟೆ ಹೊತ್ತು ಮಂಡಿಗೆ ಹೋದ ಅಡಿಕೆ ಬೆಳೆಗಾರನಿಗೆ ದಲಾಲಿ ಹೇಳಿದ್ದೇ ರೇಟು. ಮಾಮ್ಕೋಸ್‌ನಂಥ ಸಹಕಾರ ಸಂಘ ಬೆನ್ನಿಗಿದ್ದರೆ ಮಾತಿನ ತೂಕವೇ ಬೇರೆ. ಫೋಕಾ ಕೂಡ ಮೊದಲು ಅಂಥದೇ ಸಂಘ. ಆದರೆ ಅಲ್ಲಿ ಆದದ್ದೇನೆಂದರೆ, ಸಂಘದ ಪರವಾಗಿ ರೇಟು ಮಾತಾಡುತ್ತಿದ್ದವರೇ ನಿಧಾನಕ್ಕೆ ಮಂಡಿಯ ಯಜಮಾನರಾದರು. ಬೆಳೆಗಾರರು ಬೆಳೆಗಾರರಾಗಿಯೇ ಉಳಿದರು.

ಅದು ಕಳ್ಳತನದಿಂದ ಆದದ್ದಲ್ಲ. ಎಲ್ಲರ ಕಣ್ಣೆದುರಿಗೇ, ಎಲ್ಲರ ಸಹಿಯಿಂದಲೇ ಆಯಿತು. 1980-81ರಲ್ಲಿ ಫೋಕಾಕ್ಕೂ, ಆಗ ಕ್ರೀಡೆಯ ನಿಯಮ ನೋಡಿಕೊಳ್ಳುತ್ತಿದ್ದ ಫೀಸಾ ಸಂಸ್ಥೆಗೂ ದೊಡ್ಡ ಜಗಳ ನಡೆಯಿತು. ಕೊನೆಗೆ 1981ರಲ್ಲಿ ರಾಜಿಯಾಯಿತು. ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್‌ನಲ್ಲಿ ಆ ಸಂಸ್ಥೆಯ ಕಚೇರಿ ಇತ್ತು, ಹಾಗಾಗಿ ಒಪ್ಪಂದಕ್ಕೆ ಕಾಂಕಾರ್ಡ್ ಅಂತಲೇ ಹೆಸರು ಬಂತು. ನಿಯಮ ಸಂಸ್ಥೆಯ ಕೈಯಲ್ಲಿ, ವ್ಯಾಪಾರ ಫೋಕಾ ಕೈಯಲ್ಲಿ ಎಂದಾಯಿತು. ಟಿವಿ ಹಕ್ಕು ವ್ಯಾಪಾರದ ಜೊತೆ ಹೋಯಿತು. ಆಗ ಟಿವಿಯಿಂದ ಬರುತ್ತಿದ್ದದ್ದು ಚಿಲ್ಲರೆ ಕಾಸು. ಮುಂದೆ ಟಿವಿ ವ್ಯವಹಾರ ನೋಡಿಕೊಳ್ಳಲು ಬರ್ನಿ ತಮ್ಮದೇ ಕಂಪನಿ ಮಾಡಿದರು. ಬಂದ ಹಣದಲ್ಲಿ ತಂಡಗಳಿಗೆ ನೂರಕ್ಕೆ 47 ಪಾಲು, ಫೀಸಾದ ಮೇಲಿನ ಸಂಸ್ಥೆಯಾದ ಎಫ್‌ಐಎಗೆ 30, ಆ ಕಂಪನಿಗೆ 23 ಅಂತ ಹಂಚಿಕೆಯಾಯಿತು. ತಲೆನೋವು ಬರ್ನಿಯದು, ನಮಗೆ ಕೂತಲ್ಲಿಗೇ ದುಡ್ಡು ಬರುತ್ತದೆ, ಇನ್ನೇನು ಬೇಕು ಅಂತ ತಂಡಗಳು ಸುಮ್ನೆ ಸಹಿ ಹಾಕಿದವು.

ಬರ್ನಿ ಟಿವಿಯವರಿಗೆ ಒಂದೊಂದೇ ರೇಸ್ ಮಾರುವುದನ್ನು ಬಿಟ್ಟು ಇಡೀ ಸೀಸನ್ ಮಾರಿದರು. ಬೇಕಿದ್ದರೆ ಎಲ್ಲ ತೋರಿಸಿ, ಇಲ್ಲದಿದ್ದರೆ ಏನೂ ಇಲ್ಲ. ಭಾನುವಾರ ಮಧ್ಯಾಹ್ನ ಟಿವಿ ಹಾಕಿದರೆ ರೇಸ್ ಇರುತ್ತದೆ ಎಂಬ ಅಭ್ಯಾಸ ಯುರೋಪಿನ ಮನೆಮನೆಗೂ ಬಂತು. ಈ ಕೆಲಸಕ್ಕೆ ಅವರನ್ನು ಮೆಚ್ಚಲೇಬೇಕು. ಕಮಿಟಿ ಕೂತಿದ್ದರೆ ಹತ್ತು ವರ್ಷ ಚರ್ಚೆ ನಡೆಯುತ್ತಿತ್ತು. ನಿಮ್ಮ ಪ್ರೊಮೋಟರ್ ಹೇಳಿದ್ದರಲ್ಲಿ ಇಷ್ಟು ಪೂರ್ತಿ ಸತ್ಯ.

ಈಗ ಉಳಿದರ್ಧ. ಫೋಕಾದ ಕಾನೂನು ಸಲಹೆಗಾರರಾಗಿದ್ದ ಮ್ಯಾಕ್ಸ್ ಮೋಸ್ಲಿ 1991ರಲ್ಲಿ ಫೀಸಾದ ಅಧ್ಯಕ್ಷರಾದರು, 1993ರಲ್ಲಿ ಅದರ ಮೇಲಿನ ಎಫ್‌ಐಎಗೂ ಅಧ್ಯಕ್ಷರಾದರು. ತಂಡಗಳ ಪರ ವಾದ ಮಾಡುತ್ತಿದ್ದವರು ನಿಯಮ ಬರೆಯುವ ಕುರ್ಚಿಯಲ್ಲಿ ಕೂತರು. ವ್ಯಾಪಾರದ ಕುರ್ಚಿಯಲ್ಲಿ ಅವರ ಹಳೇ ಜೊತೆಗಾರ. ನಿಯಮ ಮಾಡುವವರಿಗೂ ಹಣ ಮಾಡುವವರಿಗೂ ನಡುವೆ ಗೋಡೆ ಎಲ್ಲಿದೆ ಅಂತ ಯುರೋಪಿಯನ್ ಕಮಿಷನ್ ತನಿಖೆಗೆ ಇಳಿಯಿತು. 2001ರಲ್ಲಿ ಆ ತನಿಖೆ ಮುಗಿಯುವಾಗ, ಎಫ್‌ಐಎ ವ್ಯಾಪಾರದಿಂದ ದೂರ ಇರಬೇಕು ಎಂದಾಯಿತು. ದೂರ ಆದದ್ದು ಹೇಗೆ ಗೊತ್ತಾ? ಫಾರ್ಮುಲಾ ಒನ್‌ನ ವ್ಯಾಪಾರದ ಹಕ್ಕನ್ನು 100 ವರ್ಷಕ್ಕೆ ಗುತ್ತಿಗೆ ಕೊಟ್ಟರು. 2011ರಿಂದ 2110ರ ಕೊನೆಯವರೆಗೆ. ಪ್ರತಿಯಾಗಿ ಸಿಕ್ಕಿದ್ದು ಸುಮಾರು 31 ಕೋಟಿ ಡಾಲರ್. 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಈ ವ್ಯವಹಾರವನ್ನು ಕೊಂಡಾಗ ಅದಕ್ಕೆ ಕಟ್ಟಿದ ಬೆಲೆ 800 ಕೋಟಿ ಡಾಲರ್.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ಕ್ಲಬ್ಬಿನ ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿ. 31 ಕೋಟಿಗೆ ಸಹಿ ಹಾಕಿದವರು ದಡ್ಡರಲ್ಲ. ಅವತ್ತಿನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವೇ. ತೊಂದರೆ ಇದ್ದದ್ದು ಅವಧಿಯಲ್ಲಿ. 100 ವರ್ಷದ ಬೆಲೆಯನ್ನು ಇವತ್ತೇ ಅಂದಾಜು ಮಾಡುವುದು ಯಾರಿಗೂ ಸಾಧ್ಯವಿಲ್ಲ. 15 ವರ್ಷವೂ ಅಷ್ಟೇ.

ಮೇಲಿನವರ ಜಗಳ ಟ್ರ್ಯಾಕಿಗೆ ಇಳಿದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಭಾನುವಾರ ಸಾಕು. 2005ರ ಜೂನ್ 19, ಇಂಡಿಯಾನಾಪೊಲಿಸ್. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶುಮಾಕರ್ ಕಾರಿನ ಟೈರು ಕೈಕೊಟ್ಟು, ಒಂದು ಬದಿಗೆ ವಾಲಿದ ಕೊನೆಯ ತಿರುವಿನಲ್ಲಿ ಕಾರು ಗೋಡೆಗೆ ಹೊಡೆಯಿತು. ಆ ತಿರುವಿನಲ್ಲಿ ಪೂರ್ತಿ ರೇಸಿಗೆ ನಮ್ಮ ಟೈರು ಸುರಕ್ಷಿತ ಅಂತ ಹೇಳಲಾರೆವು ಎಂದು ಮಿಶೆಲಿನ್ ಕಂಪನಿಯೇ ಹೇಳಿತು. 20 ಕಾರುಗಳಲ್ಲಿ 14 ಮಿಶೆಲಿನ್ ಟೈರಿನವು. ಅಲ್ಲೊಂದು ಚಿಕೇನ್, ಅಂದರೆ ಅಂಕುಡೊಂಕು ತಿರುವು, ಹಾಕಿ ವೇಗ ತಗ್ಗಿಸೋಣ ಅಂತ ಸಲಹೆ ಬಂತು. ಫೆರಾರಿ ಬಿಟ್ಟು ಉಳಿದ ತಂಡಗಳು ಒಪ್ಪಿದವು. ಮೋಸ್ಲಿ ಒಪ್ಪಲಿಲ್ಲ. ರೇಸ್ ದಿನ ಟ್ರ್ಯಾಕ್ ಬದಲಾಯಿಸುವುದು ನಿಯಮಕ್ಕೆ ವಿರುದ್ಧ, ತಪ್ಪು ಟೈರು ತಂದವರು ನಿಧಾನಕ್ಕೆ ಓಡಿಸಲಿ ಎಂಬುದು ಅವರ ನಿಲುವು. ಅದಕ್ಕೂ ಒಂದು ನ್ಯಾಯ ಇದೆ, ಅಲ್ವಾ? ಕಾರುಗಳು ಹೊರಡಲು ನಿಲ್ಲುವ ಗ್ರಿಡ್ಡಿನ ಮೇಲೆ ಕೊನೇ ಗಳಿಗೆವರೆಗೂ ಮಾತುಕತೆ ನಡೆಯಿತು. ಬರ್ನಿಯ ಕೈಯಲ್ಲೂ ಆಗಲಿಲ್ಲ.

ಎಲ್ಲ 20 ಕಾರುಗಳೂ ಫಾರ್ಮೇಷನ್ ಲ್ಯಾಪ್, ಅಂದರೆ ರೇಸಿಗೆ ಮುಂಚಿನ ಸುತ್ತು, ಓಡಿದವು. ಅದು ಮುಗಿಯುತ್ತಿದ್ದಂತೆ 14 ಕಾರುಗಳು ಸಾಲಾಗಿ ಪಿಟ್ ಒಳಗೆ ತಿರುಗಿಬಿಟ್ಟವು. ರೇಸ್ ಶುರು ಮಾಡಿದ್ದು ಬರೀ ಆರು ಕಾರು. ದುಡ್ಡು ಕೊಟ್ಟು ಬಂದ ಜನ ಕೂಗಿದರು, ಟ್ರ್ಯಾಕಿಗೆ ಬಾಟಲಿ ಎಸೆದರು. ಆಮೇಲೆ ಮಿಶೆಲಿನ್ ಟಿಕೆಟ್ ಹಣ ವಾಪಸ್ ಕೊಡುತ್ತೇವೆ ಅಂತು. ಆ ಆರು ಕಾರುಗಳಲ್ಲಿ ಒಂದು ಜೋರ್ಡನ್ ಕಾರಿನೊಳಗೆ ಇದ್ದವರು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. ನಾಲ್ಕನೇ ಸ್ಥಾನ, ಐದು ಪಾಯಿಂಟು. ಫಾರ್ಮುಲಾ ಒನ್‌ನಲ್ಲಿ ಭಾರತದ ಚಾಲಕರು ಇವತ್ತಿನವರೆಗೆ ಗಳಿಸಿದ ಅಷ್ಟೂ ಪಾಯಿಂಟು ಅವೇ. ನರೇನ್ ತಮ್ಮ ಪಾಲಿನ ರೇಸನ್ನು ಸರಿಯಾಗಿ ಓಡಿಸಿ ಮುಗಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ದೇಶಕ್ಕೆ ಸಿಕ್ಕ ಆ ಐದು ಪಾಯಿಂಟೂ ನಾಲ್ಕೈದು ಜನರ ಹಟದ ನಡುವೆ ಬಂದವು ಅನ್ನೋದು ನನಗೆ ಈಗಲೂ ಬೇಸರ ತರುತ್ತದೆ.

ಇನ್ನು ನಿಮಗೆ ಬಹಳ ಹತ್ತಿರದ ಉದಾಹರಣೆ, ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್. 2011, 2012, 2013ರಲ್ಲಿ ಅಲ್ಲಿ ಇಂಡಿಯನ್ ಗ್ರ್ಯಾನ್‌ಪ್ರಿ ನಡೆಯಿತು. ಮೂರೂ ಸಲ ಗೆದ್ದದ್ದು ಸೆಬಾಸ್ಟಿಯನ್ ವೆಟಲ್. ಆಮೇಲೆ ನಿಂತೇಹೋಯಿತು. ಉತ್ತರ ಪ್ರದೇಶ ಸರ್ಕಾರ ಅದನ್ನು ಕ್ರೀಡೆ ಅಂತ ಒಪ್ಪದೆ ಮನರಂಜನೆ ತೆರಿಗೆ ಹಾಕಿತು, ಅದಕ್ಕೇ ನಿಂತಿತು ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅಷ್ಟೇ ಅಲ್ಲ. ಫಾರ್ಮುಲಾ ಒನ್ ಕಂಪನಿ ಇಲ್ಲಿ ಆದಾಯ ತೆರಿಗೆ ಕಟ್ಟಬೇಕೇ ಎಂಬ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2017ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಒಪ್ಪಂದಗಳ ಒಳಗೆ ಏನಿತ್ತು ಅನ್ನೋದು ಆ ತೀರ್ಪಿನಿಂದ ಹೊರಗೆ ಬಂತು. ರೇಸ್ ನಡೆಸುವ ಆಸೆ ಇರುವ ಯಾರೇ ಆದರೂ ಅದನ್ನೊಮ್ಮೆ ಓದಬೇಕು.

ಅದರಲ್ಲಿ ಕಂಡದ್ದು ಇಷ್ಟು. ಸರ್ಕ್ಯೂಟ್ ಕಟ್ಟುವ ಖರ್ಚು ಜೇಪಿ ಕಂಪನಿಯದು. ರೇಸ್ ನಡೆಸುವ ಹಕ್ಕಿಗೆ ಜೇಪಿಯೇ 4 ಕೋಟಿ ಡಾಲರ್ ಕೊಡಬೇಕು. ಟಿವಿ ಚಿತ್ರೀಕರಣ ಫಾರ್ಮುಲಾ ಒನ್ ಗುಂಪಿನ ಒಂದು ಕಂಪನಿಯದು. ಟ್ರ್ಯಾಕ್ ಪಕ್ಕದ ಜಾಹೀರಾತು, ಪ್ಯಾಡಕ್‌ನ ದುಬಾರಿ ಆತಿಥ್ಯ ಇನ್ನೊಂದು ಕಂಪನಿಗೆ. ಟೈಟಲ್ ಸ್ಪಾನ್ಸರ್ ಹಣ ಮತ್ತೊಂದಕ್ಕೆ. ಏರ್‌ಟೆಲ್ ಜೊತೆಗಿನ ಟೈಟಲ್ ಒಪ್ಪಂದ 2011ರ ಆಗಸ್ಟ್‌ನದು. ಜೇಪಿ ರೇಸ್ ಒಪ್ಪಂದಕ್ಕೆ ಸಹಿ ಹಾಕಿದ್ದು ಸೆಪ್ಟೆಂಬರ್ 13ಕ್ಕೆ. ಅಂದರೆ ನೆಲ ಕೊಟ್ಟು, ಡಾಂಬರು ಹಾಕಿ, ಸ್ಟ್ಯಾಂಡ್ ಕಟ್ಟಿದವರು ಸಹಿ ಹಾಕುವ ಹೊತ್ತಿಗೆ ರೇಸಿನ ಹೆಸರು ಆಗಲೇ ಮಾರಾಟವಾಗಿತ್ತು. ಕಟ್ಟಿದವರಿಗೆ ಮುಖ್ಯವಾಗಿ ಉಳಿದದ್ದು ಟಿಕೆಟ್ ಹಣ. ಅದರ ಮೇಲೆ ಮನರಂಜನೆ ತೆರಿಗೆ ಬೇರೆ. ಸರ್ಕ್ಯೂಟ್ ಯಾರದ್ದೇ ಆಗಿರಲಿ, ಆ ದಿನಗಳಲ್ಲಿ ಅದರ ಹಿಡಿತ ಫಾರ್ಮುಲಾ ಒನ್ ಕಂಪನಿಯ ಕೈಯಲ್ಲೇ ಇತ್ತು, ಹಾಗಾಗಿ ಇಲ್ಲಿ ತೆರಿಗೆ ಕಟ್ಟಲೇಬೇಕು ಎಂದಿತು ಕೋರ್ಟು.

ನಿಮ್ಮ ಮುಂದಿರುವ ಕಾಗದವೂ ಇದೇ ದಾರಿಯದು. ಹೆಸರು, ವಿಡಿಯೊ, ಸ್ಪಾನ್ಸರ್ ಮೂರೂ ಅವರಿಗೆ. ನಿಮಗೆ ಉಳಿಯುವುದು ಗದ್ದೆ, ಧೂಳು, ಊರವರ ಬೈಗುಳ.

ಲಿಬರ್ಟಿ ಬಂದ ಮೇಲೆ ಏನು ಬದಲಾಯಿತು ಅನ್ನೋದನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಒಬ್ಬ ಗಟ್ಟಿ ಮನುಷ್ಯನ ಕಾಲ ಅಲ್ಲಿಗೇ ಮುಗಿಯಿತು. ಬರ್ನಿಗೆ ಸೋಶಿಯಲ್ ಮೀಡಿಯಾದ ಮೇಲೆ ನಂಬಿಕೆ ಇರಲಿಲ್ಲ. ಹುಡುಗರು ರೋಲೆಕ್ಸ್ ವಾಚು ಕೊಳ್ಳಲಾರರು, ದುಡ್ಡಿರುವ ಹಿರಿಯರು ನೋಡಿದರೆ ಸಾಕು ಎಂಬರ್ಥದಲ್ಲಿ 2014ರಲ್ಲಿ ಮಾತಾಡಿದ್ದರು. ಲಿಬರ್ಟಿ ಆ ಬಾಗಿಲು ತೆರೆಯಿತು. 2019ರಿಂದ ನೆಟ್‌ಫ್ಲಿಕ್ಸ್ ಸರಣಿ ಬಂತು, ನಿಮ್ಮ ಕ್ಲಬ್ಬಿನ ಚಿಕ್ಕ ಹುಡುಗರಲ್ಲಿ ಹಲವರು ಅದನ್ನು ನೋಡಿಯೇ ಈ ಹುಚ್ಚಿಗೆ ಬಿದ್ದಿರಬೇಕು. 2021ರಿಂದ ತಂಡಗಳ ಖರ್ಚಿಗೆ ಮಿತಿ ಬಂತು, ಮೊದಲ ವರ್ಷ 14.5 ಕೋಟಿ ಡಾಲರ್. ಇಂಥದೇ ಮಿತಿಯನ್ನು ಮೋಸ್ಲಿ 2009ರಲ್ಲೇ ತರಲು ಹೋಗಿ, ತಂಡಗಳು ಬೇರೆ ಸರಣಿ ಮಾಡುತ್ತೇವೆ ಅಂತ ಎದ್ದು ನಿಂತಿದ್ದವು. ಆ ವರ್ಷವೇ ಮೋಸ್ಲಿ ಕುರ್ಚಿ ಬಿಟ್ಟರು. ವಿಷಯ ಸರಿಯಿದ್ದರೂ ಜಬರದಸ್ತಿಯಿಂದ ತಂದರೆ ನಿಲ್ಲುವುದಿಲ್ಲ.

ಹಾಗಂತ ಲಿಬರ್ಟಿ ಕಾಲದಲ್ಲಿ ಎಲ್ಲ ಸರಿಯಾಯಿತು ಅಂತಲೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಆಂಡ್ರೆಟ್ಟಿ ತಂಡಕ್ಕೆ ಎಫ್‌ಐಎ ಒಪ್ಪಿಗೆ ಕೊಟ್ಟಿತು. 2024ರ ಜನವರಿಯಲ್ಲಿ ವ್ಯಾಪಾರದ ಹಕ್ಕು ಇರುವ ಕಂಪನಿ ಬೇಡ ಅಂದಿತು. ಮುಂದೆ ಜನರಲ್ ಮೋಟರ್ಸ್ ತಾನೇ ಕ್ಯಾಡಿಲಾಕ್ ಹೆಸರಿನಲ್ಲಿ ನಿಂತ ಮೇಲೆ 2026ಕ್ಕೆ 11ನೇ ತಂಡವಾಗಿ ಒಪ್ಪಿಗೆ ಸಿಕ್ಕಿತು. ನಿಯಮದ ಪುಸ್ತಕ ಹಿಡಿದವರು ಹೂಂ ಅಂದರೂ ಹಣದ ಪೆಟ್ಟಿಗೆ ಹಿಡಿದವರು ಊಹೂಂ ಅಂದರೆ ಕೆಲಸ ನಿಲ್ಲುತ್ತದೆ.

ಅಮೆರಿಕದ ಇಂಡಿಕಾರ್ ಎಂಬ ಕಾರ್ ರೇಸ್ ಸರಣಿ ಇನ್ನೊಂದು ರೀತಿಯ ಪಾಠ. ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಟೋನಿ ಜಾರ್ಜ್ ಅವರ ಕುಟುಂಬದ ಆಸ್ತಿಯಾಗಿತ್ತು. ಅವರು 1996ರಲ್ಲಿ ತಮ್ಮದೇ ಸರಣಿ ಶುರು ಮಾಡಿ ಕ್ರೀಡೆಯನ್ನು ಎರಡು ಹೋಳು ಮಾಡಿದರು. ಮತ್ತೆ ಒಂದಾಗಲು 2008 ಬರಬೇಕಾಯಿತು. ಅಷ್ಟರಲ್ಲಿ ನೋಡುವವರು ನಾಸ್ಕಾರ್ ಎಂಬ ಇನ್ನೊಂದು ರೇಸ್ ಸರಣಿಯ ಕಡೆ ಹೋಗಿದ್ದರು. 2020ರಿಂದ ಸ್ಪೀಡ್‌ವೇ, ಸರಣಿ ಎರಡೂ ರೋಜರ್ ಪೆನ್ಸ್ಕಿ ಕಂಪನಿಯದು. ಅದೇ ಸರಣಿಯಲ್ಲಿ ಅವರ ತಂಡವೂ ಓಡುತ್ತದೆ. 2025ರ ಇಂಡಿ 500 ಕ್ವಾಲಿಫೈಯಿಂಗ್‌ನಲ್ಲಿ ಅವರ ತಂಡದ ಎರಡು ಕಾರುಗಳಲ್ಲಿ ನಿಯಮ ಮೀರಿದ ಭಾಗ ಸಿಕ್ಕಿತು. ಪೆನ್ಸ್ಕಿ ತಮ್ಮ ತಂಡದ ಮೂವರು ಹಿರಿಯರನ್ನೇ ಕೆಲಸದಿಂದ ತೆಗೆದರು. ಆದರೂ ಜನರ ಅನುಮಾನ ಹೋಗಲಿಲ್ಲ. ಕೊನೆಗೆ ತೀರ್ಪು ಕೊಡುವ ಅಧಿಕಾರಿಗಳಿಗೆ ಬೇರೆಯದೇ ಸ್ವತಂತ್ರ ವ್ಯವಸ್ಥೆ ಮಾಡಬೇಕಾಯಿತು. ಪ್ರಾಮಾಣಿಕ ಮನುಷ್ಯನ ಕೈಯಲ್ಲಿದ್ದರೂ ಎರಡು ಅಧಿಕಾರ ಒಂದೇ ಕಡೆ ಇರಬಾರದು ಅನ್ನೋದು ಅದಕ್ಕೇ.

ನಮ್ಮಲ್ಲೂ ರೇಸಿಂಗ್ ನಿಂತಿರುವುದು ಕೆಲವೇ ಜನರ ಆಸಕ್ತಿಯ ಮೇಲೆ. ಕೊಯಮತ್ತೂರಿನ ಕರಿವರ್ಧನ್ ಫಾರ್ಮುಲಾ ಮಾರುತಿ ಕಾರು ಮಾಡದಿದ್ದರೆ ನಮ್ಮ ಎಷ್ಟೋ ಚಾಲಕರಿಗೆ ಸಿಂಗಲ್ ಸೀಟರ್ ಕಾರಿನ ಸ್ಟೇರಿಂಗೇ ಸಿಗುತ್ತಿರಲಿಲ್ಲ. ಎಂಆರ್‌ಎಫ್, ಜೆಕೆ ಟೈರ್ ಕಂಪನಿಗಳ ಮೇಲಿನವರು ದಶಕಗಟ್ಟಲೆ ದುಡ್ಡು ಹಾಕದಿದ್ದರೆ ರ‍್ಯಾಲಿಯೇ ಇರುತ್ತಿರಲಿಲ್ಲ. ಪಕ್ಕದ ಚಿಕ್ಕಮಗಳೂರಿಗೆ ಏಷ್ಯಾ ಪೆಸಿಫಿಕ್ ರ‍್ಯಾಲಿ ಬಂದಾಗ ಅದು ಹೊತ್ತದ್ದು ಕಾಫಿ ಡೇ ಹೆಸರು. ಚಾಲಕ ಗೌರವ್ ಗಿಲ್ ತೋಟದ ಕೆಂಪು ಮಣ್ಣಿನ ರಸ್ತೆಯಲ್ಲಿ ಕಾರು ಅಡ್ಡ ಹಾಕಿ ತಿರುಗಿಸುವುದನ್ನು ಮಲೆನಾಡಿನ ಹುಡುಗರು ಬೇಲಿ ಪಕ್ಕ ನಿಂತು ನೋಡಿದರು. ಅದಕ್ಕೆ ಯಾರೋ ಒಬ್ಬರು ಕಚೇರಿಯಲ್ಲಿ ಕೂತು ಚೆಕ್ಕಿಗೆ ಸಹಿ ಹಾಕಿರುತ್ತಾರೆ. ಅವರಿಗೆ ಕೃತಜ್ಞರಾಗಿರಬೇಕು. ಹಾಗೇ, ಅವರು ಸಹಿ ಹಾಕುವುದನ್ನು ನಿಲ್ಲಿಸಿದ ವರ್ಷವೂ ರೇಸ್ ಉಳಿಯುವಂತೆ ನೋಡಿಕೊಳ್ಳಬೇಕು. ಹೈದರಾಬಾದಿನಲ್ಲಿ 2023ರ ಫೆಬ್ರುವರಿಯಲ್ಲಿ ಫಾರ್ಮುಲಾ ಇ ಎಂಬ ವಿದ್ಯುತ್ ಕಾರುಗಳ ರೇಸ್ ನಡೆಯಿತು. ಸರ್ಕಾರ ಬದಲಾಯಿತು, 2024ರ ರೇಸ್ ರದ್ದಾಯಿತು. ಮೇಲಿನ ಒಂದೆರಡು ಕುರ್ಚಿ ಬದಲಾದರೆ ಸಾಕು, ಕೆಳಗಿನದೆಲ್ಲ ಮಾಯ.

ರ‍್ಯಾಲಿ ನಡೆಯುವ ದಿನ ಅಧಿಕಾರ ಎಲ್ಲಿರಬೇಕು ಅನ್ನೋದನ್ನು ನಾನು ಸ್ಟಾರ್ಟ್ ಕಂಟ್ರೋಲ್‌ನಲ್ಲಿ ಕೂತೇ ಕಲಿತದ್ದು. ಒಂದು ಎಸ್ಟೇಟಿನಲ್ಲಿ, ಸ್ಪರ್ಧಿಗಳಿಗಿಂತ ಮುಂಚೆ ದಾರಿ ನೋಡುವ ಝೀರೊ ಕಾರು ಹೋಗಿ ಬಂದಿತ್ತು. ಮೊದಲ ಸ್ಪರ್ಧಿ ಹೆಲ್ಮೆಟ್ ಹಾಕಿ ಟೈಮ್ ಕಾರ್ಡ್ ಕೊಟ್ಟಾಗಿತ್ತು. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಮೂರನೇ ಪೋಸ್ಟಿನ ಮಾರ್ಷಲ್ ಕೂಗಿದ. ಲೈನ್ ಮನೆ ಕಡೆಯಿಂದ ಇಬ್ಬರು ಹೆಂಗಸರು ಸೌದೆ ಹೊರೆ ಹೊತ್ತು ಒಳದಾರಿಯಲ್ಲಿ ಟ್ರ್ಯಾಕಿಗೆ ಇಳಿದಿದ್ದರು. ಎಸ್ಟೇಟ್ ರೈಟರು ಗೇಟು ಕಾಯುತ್ತಿದ್ದರು, ಆದರೆ ಆ ಒಳದಾರಿ ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಸ್ಪರ್ಧೆಯ ಮುಖ್ಯ ಅಧಿಕಾರಿಯಾದ ಕ್ಲರ್ಕ್ ಆಫ್ ದ ಕೋರ್ಸ್ ಆ ಸ್ಟೇಜ್ ನಿಲ್ಲಿಸಿದರು. ಆಯೋಜಕರ ಕಡೆಯವರೊಬ್ಬರು ಕ್ಯಾಮೆರಾದವರು ಕಾಯುತ್ತಿದ್ದಾರೆ, ಅತಿಥಿಗಳು ಬಂದಿದ್ದಾರೆ, ಬಿಟ್ಟುಬಿಡಿ ಅಂತ ಒಂದೇ ಸಮ ಒತ್ತಾಯ ಮಾಡಿದರು. ಕ್ಲರ್ಕ್ ತಲೆಯೆತ್ತಿ ಕೂಡ ನೋಡಲಿಲ್ಲ. ಹೆಂಗಸರು ದಾಟಿ, ಆ ದಾರಿಗೊಬ್ಬ ಮಾರ್ಷಲ್ ನಿಂತ ಮೇಲೆಯೇ ಕಾರು ಹೊರಟಿತು. ಅವರಿಗೆ ಆ ಧೈರ್ಯ ಇದ್ದದ್ದು ಯಾಕೆಂದರೆ ಅವರ ಸಂಬಳ ಆಯೋಜಕರ ಕೈಯಲ್ಲಿ ಇರಲಿಲ್ಲ.

ಹಾಗಾದರೆ ನೀವು ಏನು ಮಾಡಬೇಕು?

ಮೊದಲು ಕ್ಲಬ್ಬನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಇನ್ನೂ ಮಾಡಿಸಿಲ್ಲದಿದ್ದರೆ. ರೇಸಿನ ಹೆಸರನ್ನು ಕ್ಲಬ್ಬಿನ ಹೆಸರಲ್ಲೇ ಟ್ರೇಡ್‌ಮಾರ್ಕ್ ಮಾಡಿಸಿ. 10 ವರ್ಷಕ್ಕೊಮ್ಮೆ ನವೀಕರಿಸಿದರೆ ಅದು ಎಂದೆಂದಿಗೂ ನಿಮ್ಮದು. ಪ್ರೊಮೋಟರ್‌ಗೆ ಹೆಸರು ಬಳಸುವ ಅನುಮತಿ ಕೊಡಿ, ಹೆಸರನ್ನೇ ಕೊಡಬೇಡಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟ) ಸದಸ್ಯತ್ವ ಮತ್ತು ರೇಸ್ ಪರ್ಮಿಟ್ ಕ್ಲಬ್ಬಿನ ಹೆಸರಲ್ಲೇ ಇರಲಿ.

ಅವಧಿ ಮೂರು ವರ್ಷ ಸಾಕು. ಅವರು ಹಾಕುವ ದುಡ್ಡು ವಾಪಸ್ ಬರಲು ಅಷ್ಟು ಸಾಲದು ಅಂದರೆ, ಚೆನ್ನಾಗಿ ನಡೆಸಿದರೆ ಮತ್ತೆರಡು ವರ್ಷಕ್ಕೆ ಮೊದಲ ಅವಕಾಶ ಅವರಿಗೇ ಅಂತ ಬರೆಯಿರಿ. ಅದು ನ್ಯಾಯ. ಸ್ಪಾನ್ಸರ್ ಹಣವನ್ನು ಅವರೇ ತರಲಿ, ಅವರ ಪಾಲು ದೊಡ್ಡದಿರಲಿ. ಆದರೆ ನಿಮಗೆ ಬರುವ ಪಾಲು ಒಟ್ಟು ವಸೂಲಿಯ ಮೇಲೆ ಇರಬೇಕು, ಲಾಭದ ಮೇಲೆ ಬೇಡ. ಲಾಭ ಅನ್ನೋದನ್ನು ಲೆಕ್ಕದಲ್ಲಿ ಎಲ್ಲಿ ಬೇಕಾದರೂ ಕರಗಿಸಬಹುದು. ಫಾರ್ಮುಲಾ ಒನ್‌ನಲ್ಲಿ 2023ರಲ್ಲಿ ಸುಮಾರು 320 ಕೋಟಿ ಡಾಲರ್ ಆದಾಯ ಬಂತು, ಅದರಲ್ಲಿ ಸುಮಾರು 120 ಕೋಟಿ ತಂಡಗಳಿಗೆ ಹೋಯಿತು. ಈ ಅಂಕಿ ಹೊರಗೆ ಕಾಣುವುದು ಲಿಬರ್ಟಿ ಷೇರುಪೇಟೆಯ ಕಂಪನಿಯಾದ್ದರಿಂದ. ನಿಮ್ಮ ಪ್ರೊಮೋಟರ್ ಹಾಗಲ್ಲ. ಹಾಗಾಗಿ ಲೆಕ್ಕದ ಪುಸ್ತಕ ನೋಡುವ ಹಕ್ಕು ಒಪ್ಪಂದದಲ್ಲೇ ಬರಬೇಕು. ಹಳೇ ವಿಡಿಯೊಗಳೂ ಅಷ್ಟೇ, ಅವಧಿ ಮುಗಿದ ದಿನ ಕ್ಲಬ್ಬಿಗೆ ವಾಪಸ್ ಬರಬೇಕು.

ಕ್ಲರ್ಕ್ ಆಫ್ ದ ಕೋರ್ಸ್, ವಾಹನಗಳ ಸ್ಕ್ರೂಟಿನಿ (ತಪಾಸಣೆ) ಮಾಡುವವರು, ವೈದ್ಯರು ಇವರ ನೇಮಕ ಕ್ಲಬ್ಬಿನದು. ಅವರ ಸಂಭಾವನೆಯ ಹಣವನ್ನು ಪ್ರೊಮೋಟರ್ ರೇಸಿಗೆ ಮುಂಚೆಯೇ ಕ್ಲಬ್ಬಿನ ಖಾತೆಗೆ ಹಾಕಲಿ. ಈ ಒಂದು ಷರತ್ತಿನಲ್ಲಿ ಮಾತ್ರ ಚೌಕಾಸಿ ಬೇಡ. ಉಳಿದದ್ದರಲ್ಲಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ.

ನಿಮ್ಮ ಪ್ರೊಮೋಟರ್ ಬಗ್ಗೆ ನನಗೆ ಅನುಮಾನ ಏನಿಲ್ಲ. ಒಳ್ಳೆಯ ಪ್ರೊಮೋಟರ್ ಆದರೆ ಈ ಷರತ್ತುಗಳನ್ನು ಕೇಳಿ ಎದ್ದು ಹೋಗುವುದಿಲ್ಲ, ಕೂತು ಮಾತಾಡುತ್ತಾರೆ. ಒಪ್ಪಂದದ ಕರಡನ್ನು ಮೊದಲು ಕನ್ನಡದಲ್ಲಿ ಬರೆಸಿಕೊಂಡು ಕ್ಲಬ್ಬಿನ ಎಲ್ಲರ ಮುಂದೆ ಓದಿ. ಆಮೇಲೆ ಒಬ್ಬ ವಕೀಲರಿಗೆ ತೋರಿಸಿ. ಹೆಸರು, ಅವಧಿ, ಅಧಿಕಾರಿಗಳ ನೇಮಕ ಈ ಮೂರು ಪುಟಗಳನ್ನು ನನಗೂ ಕಳಿಸಿ, ಓದಿ ಹೇಳುತ್ತೇನೆ. ಕೊಯ್ಲಿಗೆ ಇನ್ನೂ ಸಮಯ ಇದೆ, ಗಡಿಬಿಡಿಯಲ್ಲಿ ಸಹಿ ಹಾಕಬೇಡಿ.